ನಕ್ಷೆ ಯಾರ ಕೈಯಲ್ಲಿದೆ? ಹೊರಾಂಗಣ ಶಿಬಿರಗಳೂ ನಾಯಕತ್ವದ ಮಾತೂ

ಹದಿಹರೆಯದವರಿಗಾಗಿ ನಡೆಯುವ ಯಾವುದೇ ಹೊರಾಂಗಣ ಶಿಬಿರದ ಜಾಹೀರಾತು ನೋಡಿ. ನಾಯಕತ್ವ ಅನ್ನೋ ಮಾತು ಅದರಲ್ಲಿ ಇದ್ದೇ ಇರುತ್ತದೆ. ಪಕ್ಕದಲ್ಲೇ ಹೆಲ್ಮೆಟ್ ಹಾಕಿಕೊಂಡು ಹಗ್ಗಕ್ಕೆ ನೇತುಬಿದ್ದ ಹುಡುಗನದ್ದೋ ಹುಡುಗಿಯದ್ದೋ ಫೋಟೊ. ಆ ಫೋಟೊವನ್ನೇ ಸ್ವಲ್ಪ ಹೊತ್ತು ನೋಡಿದರೆ ಸಂಶಯ ಶುರುವಾಗುತ್ತದೆ. ಬೆಲ್ಟು ಬಿಗಿದವರು ಬೇರೆ ಯಾರೋ. ಕೊಕ್ಕೆ ಸರಿಯಾಗಿ ಕೂತಿದೆಯಾ ಅಂತ ಎರಡೆರಡು ಸಲ ನೋಡಿದವರೂ ಅವರೇ. "ಈಗ ಬಿಡು" ಅಂದವರೂ ಅವರೇ. ಮಗು ಮಾಡಿದ್ದು ಕಿರುಚಿದ್ದು, ಆಮೇಲೆ ನಕ್ಕಿದ್ದು. ಮಜಾ ಬಂತು, ಅದರಲ್ಲೇನೂ ತಪ್ಪಿಲ್ಲ. ಆದರೆ ಇದರಲ್ಲಿ ನಾಯಕತ್ವ ಎಲ್ಲಿ ಬಂತು?

ಈ ಪ್ರಶ್ನೆಯನ್ನು ಈಗ ಗಟ್ಟಿಯಾಗಿ ಕೇಳಬೇಕಾಗಿದೆ. ಮಕ್ಕಳು ಫೋನು ಬಿಟ್ಟು ಹೊರಗೆ ಬರಲಿ ಅನ್ನೋ ಆತಂಕ ಎಲ್ಲ ದೇಶಗಳಲ್ಲೂ ಇದೆ. ಶಾಲೆಗಳು ಶಿಬಿರಗಳನ್ನು ಪ್ಯಾಕೇಜಿನ ಹಾಗೆ ಕೊಳ್ಳುತ್ತಿವೆ. ಕೆಲವು ಕಡೆ ಇದು ಶಾಸನಸಭೆಯ ತನಕ ಹೋಗಿದೆ. ಪ್ರತಿ ಮಗುವೂ ಶಾಲಾ ದಿನಗಳಲ್ಲಿ ಒಂದು ಸಲವಾದರೂ ಇಂಥ ಶಿಬಿರದಲ್ಲಿ ಉಳಿದು ಬರಲಿ, ಖರ್ಚು ಸರ್ಕಾರದ್ದು ಎನ್ನುವ ಮಸೂದೆ 2024ರಲ್ಲಿ ವೇಲ್ಸ್‌ನ ಶಾಸನಸಭೆಯಲ್ಲಿ ಸ್ವಲ್ಪದರಲ್ಲೇ ಬಿದ್ದುಹೋಯಿತು. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಅಂಥದ್ದೇ ಇನ್ನೊಂದು ಮಂಡನೆಯಾಯಿತು. ಸಾರ್ವಜನಿಕ ಹಣ ಹಾಕುವ ಮಾತು ಬಂದಾಗ, ಹಾಕಿದ್ದಕ್ಕೆ ಸಿಗುವುದೇನು ಅಂತ ಕೇಳಲೇಬೇಕು ಅಲ್ವಾ?

ಶಿಬಿರ ವ್ಯಕ್ತಿತ್ವ ಬೆಳೆಸುತ್ತದೆ ಎನ್ನುವ ನಂಬಿಕೆಗೆ ಒಂದು ಹುಟ್ಟೂರು ಇದೆ. ವೇಲ್ಸ್ ಕರಾವಳಿಯ ಅಬರ್‌ಡೋವಿ. ಇಸವಿ 1941. ಅಟ್ಲಾಂಟಿಕ್ ಸಮುದ್ರದಲ್ಲಿ ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದ ಕಾಲ. ಬ್ಲೂ ಫನೆಲ್ ಎಂಬ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್‌ಗೆ ಒಂದು ಸಂಗತಿ ಕಾಡುತ್ತಿತ್ತು. ಹಡಗು ಮುಳುಗಿ ಜೀವರಕ್ಷಕ ದೋಣಿಗೆ ಇಳಿದ ಮೇಲೆ ಎಳೆಯರೇ ಜಾಸ್ತಿ ಸಾಯುತ್ತಾರೆ, ಹಾಯಿಹಡಗಿನಲ್ಲಿ ಪಳಗಿದ ವಯಸ್ಸಾದವರು ಬದುಕಿ ಬರುತ್ತಾರೆ ಅನ್ನೋದು ಅವನ ಅಭಿಪ್ರಾಯ. ಮೈಯಲ್ಲಿ ಕಸುವಿದ್ದವರು ಕೈಬಿಡುತ್ತಿದ್ದಾರೆ, ಕಸುವು ಇಳಿದವರು ಹಿಡಿದು ನಿಲ್ಲುತ್ತಿದ್ದಾರೆ, ಯಾಕೆ? ಅವನು ಕೈಜೋಡಿಸಿದ್ದು ಕುರ್ಟ್ ಹಾನ್ ಎಂಬ ಶಿಕ್ಷಕನ ಜೊತೆ. ಹಾನ್ ಜರ್ಮನ್ ಯಹೂದಿ. ಹಿಟ್ಲರ್‌ನನ್ನು ಬಹಿರಂಗವಾಗಿ ವಿರೋಧಿಸಿ 1933ರಲ್ಲಿ ಜೈಲು ಸೇರಿದ್ದ. ಬಿಡುಗಡೆಯಾಗಿ ಬ್ರಿಟನ್ನಿಗೆ ಬಂದು 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆ ತೆರೆದಿದ್ದ. ಇಬ್ಬರೂ ಸೇರಿ ಅಬರ್‌ಡೋವಿಯಲ್ಲಿ ಸುಮಾರು ನಾಲ್ಕು ವಾರಗಳ ಕೋರ್ಸು ಶುರುಮಾಡಿದರು. ಅದೇ ಔಟ್‌ವರ್ಡ್ ಬೌಂಡ್. ಇವತ್ತಿಗೂ ಹತ್ತಾರು ದೇಶಗಳಲ್ಲಿ ನಡೆಯುತ್ತಿದೆ.

ಇಲ್ಲಿ ಒಂದು ತಮಾಷೆ ಇದೆ. ಹಾನ್ ತನ್ನ ಕಾಲದ ಯುವಜನರ ಬಗ್ಗೆ ದೂರುಗಳ ಪಟ್ಟಿಯನ್ನೇ ಮಾಡಿದ್ದ. ವಾಹನಗಳಿಂದಾಗಿ ನಡೆಯುವುದು ಕಡಿಮೆಯಾಗಿದೆ. ನೋಡುತ್ತಾ ಕೂರುವ ರೋಗ ಹತ್ತಿದೆ, ತಾವಾಗಿ ಏನೂ ಶುರುಮಾಡುವುದಿಲ್ಲ. ಧಾವಂತ ಜಾಸ್ತಿ, ಕರುಣೆ ಕಡಿಮೆ. ಟಿವಿಯೂ ಮನೆ ಸೇರಿರದ ಕಾಲದಲ್ಲಿ ಹೇಳಿದ ಮಾತು ಇದು. ಇವತ್ತು ಫೋನಿನ ಬಗ್ಗೆ ನಾವು ಹೇಳುವುದೂ ಅಕ್ಷರಶಃ ಇದನ್ನೇ. ಹಾಗಾಗಿ "ಈಗಿನ ಮಕ್ಕಳು ಕೆಟ್ಟಿದ್ದಾರೆ, ಅದಕ್ಕೇ ಶಿಬಿರ ಬೇಕು" ಅನ್ನೋ ವಾದವನ್ನು ನಾನು ಪಕ್ಕಕ್ಕಿಡುತ್ತೇನೆ. ಶಿಬಿರ ಬೇಕಿದ್ದರೆ ಅದಕ್ಕೆ ಬೇರೆ ಕಾರಣ ಇರಬೇಕು.

ಆ ಕಾರಣ ಪಾಲ್ ಪೆಟ್ಜೋಲ್ಟ್‌ಗೆ ಹಾನ್‌ಗಿಂತ ಸ್ಪಷ್ಟವಾಗಿ ಕಂಡಿತ್ತು ಅನ್ನಿಸುತ್ತದೆ. ಈತ ಅಮೆರಿಕದ ಪರ್ವತಾರೋಹಿ. 1938ರಲ್ಲಿ ಕೆ2 ಶಿಖರಕ್ಕೆ ಹೋದ ಅಮೆರಿಕನ್ ತಂಡದಲ್ಲಿದ್ದವನು. ಕೊಲರಾಡೊದ ಔಟ್‌ವರ್ಡ್ ಬೌಂಡ್ ಶಾಲೆಯಲ್ಲಿ ಕಲಿಸುತ್ತಿದ್ದಾಗ, ಕಾಡಿನಲ್ಲಿ ಮಕ್ಕಳನ್ನು ಕರೆದೊಯ್ಯಬಲ್ಲ ಸಮರ್ಥರೇ ಸಾಕಷ್ಟು ಇಲ್ಲ ಅಂತ ಗೊತ್ತಾಗಿ 1965ರಲ್ಲಿ ವಯೋಮಿಂಗ್‌ನಲ್ಲಿ ತನ್ನದೇ ಶಾಲೆ ತೆರೆದ. ಹೆಸರು ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲ್, ಚಿಕ್ಕದಾಗಿ ನೋಲ್ಸ್. ಅಲ್ಲಿ ನಾಯಕತ್ವವನ್ನು ನಾಲ್ಕು ಪಾತ್ರಗಳಾಗಿ ನೋಡುತ್ತಾರೆ. ಒಬ್ಬರನ್ನು ಮುಂದಾಳು ಅಂತ ನೇಮಿಸುವುದು ಅವುಗಳಲ್ಲಿ ಒಂದು ಮಾತ್ರ. ತನ್ನನ್ನು ತಾನು ನೋಡಿಕೊಳ್ಳುವುದು ಒಂದು, ಜೊತೆಯವರಿಗೆ ಹೇಳದೆಯೇ ಹೆಗಲು ಕೊಡುವುದು ಇನ್ನೊಂದು. ನಾಲ್ಕನೆಯದು ಚುರುಕಾಗಿ ಹಿಂಬಾಲಿಸುವುದು. ಜಾಹೀರಾತುಗಳಲ್ಲಿ ಈ ಕೊನೆಯದನ್ನು ನೀವು ಎಲ್ಲೂ ನೋಡಿರಲ್ಲ.

ಇದು ನಡೆಯುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಲವು ದಿನಗಳ ಟ್ರೆಕ್. ಪ್ರತಿದಿನ ಒಬ್ಬೊಬ್ಬರು ಆ ದಿನದ ಮುಂದಾಳು. ಇವತ್ತು ಹದಿನಾರರ ಹುಡುಗಿಯೊಬ್ಬಳ ಸರದಿ ಅಂದುಕೊಳ್ಳಿ. ನಕ್ಷೆ, ದಿಕ್ಸೂಚಿ ಅವಳ ಕೈಯಲ್ಲಿವೆ. ಹಿಂದಿನ ರಾತ್ರಿ ತರಬೇತುದಾರರ ಜೊತೆ ಕೂತು ದಾರಿ ಗುರುತು ಹಾಕಿಕೊಂಡಿದ್ದಾಳೆ. ಹೊಳೆ ಬಲಗಡೆ ಇರಬೇಕು, ದಿಣ್ಣೆ ಎಡಗಡೆ. ಬೆಳಿಗ್ಗೆ ಹೊರಡುವುದೇ ತಡವಾಯಿತು, ಒಬ್ಬನ ಟೆಂಟು ಮಡಚಿ ಮುಗಿಯಲಿಲ್ಲ. ದಾರಿ ಕವಲೊಡೆದ ಜಾಗದಲ್ಲಿ ಮುಂದೆ ಹೋಗುತ್ತಿದ್ದ ಜೋರು ಹುಡುಗರಿಬ್ಬರು ಕೇಳದೆಯೇ ಎಡಕ್ಕೆ ತಿರುಗಿದರು. ಉಳಿದವರೂ ಹೋದರು. ಅವಳೂ ಹೋದಳು. ಸ್ವಲ್ಪ ಹೊತ್ತಿಗೆ ಹೊಳೆಯ ಸದ್ದು ಕೇಳಿಸಿತು, ಎಡಗಡೆಯಿಂದ.

ತರಬೇತುದಾರರು ಇಪ್ಪತ್ತು ಹೆಜ್ಜೆ ಹಿಂದಿದ್ದಾರೆ. ಅವರಿಗೆ ಕವಲಲ್ಲೇ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಆ ದಾರಿಯಲ್ಲಿ ಕೊರಕಲಿಲ್ಲ, ಕತ್ತಲಾಗಲು ಇನ್ನೂ ಹೊತ್ತಿದೆ, ಎಲ್ಲರ ಬಾಟಲಿಯಲ್ಲೂ ನೀರಿದೆ, ಇದೆಲ್ಲ ಅವರು ಲೆಕ್ಕ ಹಾಕಿದ್ದಾರೆ. ಹುಡುಗಿಗೆ ಈಗ ಎರಡು ಕಷ್ಟ. ದಾರಿ ತಪ್ಪಿದೆ ಅನ್ನೋದು ಒಂದು. ಮುಂದಿರುವ ಆ ಇಬ್ಬರನ್ನು ಕೂಗಿ ನಿಲ್ಲಿಸಬೇಕಾದ್ದು ಇನ್ನೊಂದು, ಅದೇ ಜಾಸ್ತಿ ಕಷ್ಟ. ಕೊನೆಗೆ ನಿಲ್ಲಿಸುತ್ತಾಳೆ. ಬ್ಯಾಗು ಇಳಿಸಿ ನಕ್ಷೆ ನೆಲದ ಮೇಲೆ ಹರಡುತ್ತಾರೆ. ಗೊಣಗಾಟ, ವಾದ, ಒಬ್ಬ ಬೂಟು ಬಿಚ್ಚಿ ಬೊಬ್ಬೆ ತೋರಿಸುತ್ತಾನೆ. ವಾಪಸ್ ಬರುತ್ತಾರೆ. ಟೆಂಟು ಹಾಕುವಾಗ ಕತ್ತಲಾಗಿರುತ್ತದೆ.

ರಾತ್ರಿ ಊಟವಾದ ಮೇಲೆ ಸುತ್ತ ಕೂತಾಗ ತರಬೇತುದಾರರು ದಾರಿ ತಪ್ಪಿದ್ದರ ಬಗ್ಗೆ ಭಾಷಣ ಮಾಡುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾರೆ: "ಹೊಳೆ ಎಡಕ್ಕೆ ಬಂದಿದ್ದು ಇನ್ಯಾರಿಗಾದರೂ ಗೊತ್ತಾಗಿತ್ತಾ?" ಇಬ್ಬರು ಮೆಲ್ಲಗೆ ಕೈ ಎತ್ತುತ್ತಾರೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ? "ಅವಳು ತಾನೇ ಲೀಡರು" ಅಂತ ಒಬ್ಬ. "ಹೇಳಿದ್ರೆ ನಗ್ತಾರೆ ಅಂದ್ಕೊಂಡೆ" ಅಂತ ಇನ್ನೊಬ್ಬಳು. ಚುರುಕಾಗಿ ಹಿಂಬಾಲಿಸುವುದು ಅಂದರೆ ಏನು ಅಂತ ಇನ್ನು ಯಾರೂ ವಿವರಿಸಬೇಕಾಗಿಲ್ಲ.

ಇಲ್ಲಿ ಕೆಲಸ ಮಾಡಿದ್ದು ಬೆಟ್ಟವೂ ಅಲ್ಲ, ಅಪಾಯವೂ ಅಲ್ಲ. ನಿರ್ಧಾರ ನಿಜವಾಗಿ ಅವಳದ್ದಾಗಿತ್ತು, ಅದರ ಫಲ ಎಲ್ಲರ ಕಾಲಿಗೂ ತಾಗಿತು, ಆಮೇಲೆ ಅದರ ಬಗ್ಗೆ ಕೂತು ಮಾತಾಡಿದರು. ಈ ಮೂರೂ ಇದ್ದರೆ ಸಣ್ಣ ಗುಡ್ಡವೂ ಸಾಕು. ಇಲ್ಲದಿದ್ದರೆ ಹಿಮಾಲಯಕ್ಕೆ ಹೋದರೂ ಅದು ಪ್ರವಾಸವೇ. ಹೊರಗೇ ಯಾಕೆ ಹೋಗಬೇಕು ಅಂತ ಕೇಳಬಹುದು. ತರಗತಿಯಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ಅಂಕ ಕೊಡುವವರ ಜೊತೆ ವಾದ ಮಾಡಬಹುದು. ಮಳೆಯ ಜೊತೆ ವಾದ ಮಾಡೋಕಾಗಲ್ಲ. ಆಸ್ಟ್ರೇಲಿಯಾದ ಜೀಲಾಂಗ್ ಗ್ರಾಮರ್ ಶಾಲೆ 1953ರಿಂದ ಟಿಂಬರ್‌ಟಾಪ್ ಎಂಬ ಬೆಟ್ಟದ ಆವರಣ ನಡೆಸುತ್ತಿದೆ. ಒಂಬತ್ತನೇ ತರಗತಿಯವರು ವರ್ಷಪೂರ್ತಿ ಅಲ್ಲೇ ಇರಬೇಕು. ಬಿಸಿನೀರು ಬೇಕಾದರೆ ಸೌದೆ ತಾವೇ ಒಡೆಯಬೇಕು. ಯಾರೂ ಬೈಯುವ ಅಗತ್ಯವೇ ಇಲ್ಲ, ಸೌದೆ ಒಡೆಯದ ದಿನ ತಣ್ಣೀರು.

ಬ್ರಿಟನ್ನಿನಲ್ಲಿ 1956ರಲ್ಲಿ ಯುವಜನರಿಗಾಗಿ ಶುರುವಾದ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿಯ ಹಿಂದೆ ಇದ್ದವನೂ ಹಾನ್. ಆ ಡ್ಯೂಕ್ ಅಂದರೆ ರಾಜಕುಮಾರ ಫಿಲಿಪ್, ಹಾನ್‌ನ ಶಿಷ್ಯ. ಆ ಕಾರ್ಯಕ್ರಮ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಅದರ ಚಾರಣದ ನಿಯಮ ನನಗೆ ಇಷ್ಟ. ಕಂಚಿನ ಹಂತಕ್ಕೆ ಎರಡು ದಿನ ಒಂದು ರಾತ್ರಿ, ಬೆಳ್ಳಿಗೆ ಮೂರು ದಿನ, ಚಿನ್ನಕ್ಕೆ ನಾಲ್ಕು ದಿನ. ದಾರಿ ತಂಡವೇ ಹಾಕಿಕೊಳ್ಳಬೇಕು, ಹೊರೆ ತಾವೇ ಹೊರಬೇಕು, ಅಡುಗೆಯೂ ತಮ್ಮದೇ. ದೊಡ್ಡವರು ಜೊತೆಯಲ್ಲಿ ನಡೆಯುವುದಿಲ್ಲ, ದೂರದಿಂದ ಕಣ್ಣಿಟ್ಟಿರುತ್ತಾರೆ. ಎರಡೇ ದಿನವಾದರೂ ನಕ್ಷೆ ಮಕ್ಕಳ ಕೈಯಲ್ಲೇ.

ಇನ್ನು ಪುರಾವೆಗೆ ಬರೋಣ. ಇದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದಾ?

ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ 96 ಅಧ್ಯಯನಗಳನ್ನು ಒಟ್ಟುಹಾಕಿ ಲೆಕ್ಕ ಹಾಕಿದರು. ಕಾರ್ಯಕ್ರಮ ಮುಗಿದಾಗ ಕಂಡ ಸರಾಸರಿ ಪರಿಣಾಮ 0.34. ಈ ಸಂಖ್ಯೆಯನ್ನು ಹೀಗೆ ಬಿಡಿಸಿ ಹೇಳಬಹುದು. ಶಿಬಿರಕ್ಕೆ ಹೋಗದ ನೂರು ಮಂದಿಯನ್ನು ಆತ್ಮವಿಶ್ವಾಸದಂಥ ಯಾವುದೋ ಒಂದು ಗುಣದ ಮೇಲೆ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಇರಬೇಕಾದವರು, ಶಿಬಿರದ ನಂತರ ಕೆಳಗಿನಿಂದ ಎಣಿಸಿದರೆ 63ನೇ ಜಾಗಕ್ಕೆ ಏರುತ್ತಾರೆ. ಪವಾಡವಲ್ಲ, ಆದರೆ ಕಡೆಗಣಿಸುವಷ್ಟು ಚಿಕ್ಕದೂ ಅಲ್ಲ. ಅಚ್ಚರಿ ಇರುವುದು ಮುಂದಿನ ಸಂಖ್ಯೆಯಲ್ಲಿ. ತಿಂಗಳುಗಳ ನಂತರ ಮತ್ತೆ ಅಳೆದಾಗ ಪರಿಣಾಮ ಇಳಿದಿರಲಿಲ್ಲ, ಇನ್ನೂ 0.17 ಏರಿತ್ತು. ಶಿಕ್ಷಣದಲ್ಲಿ ಹೊಸದಾಗಿ ಏನೇ ಮಾಡಿದರೂ ಲಾಭ ದಿನ ಕಳೆದ ಹಾಗೆ ಕರಗುವುದೇ ವಾಡಿಕೆ.

ಶಿಬಿರ ನಡೆಸುವವರು ಈ ಅಧ್ಯಯನವನ್ನು ಹೇಳಿಕೊಳ್ಳುವಾಗ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಉಳಿದದ್ದನ್ನೂ ಓದಬೇಕು. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ವ್ಯತ್ಯಾಸ ವಿಪರೀತ, ಕೆಲವು ಮಾತ್ರ ಫಲ ಕೊಡುತ್ತವೆ, ಅದೂ ಕೆಲವು ಗುಣಗಳಲ್ಲಿ ಮಾತ್ರ ಅಂತ ಅದೇ ಲೇಖಕರು ಹೇಳಿದ್ದಾರೆ. ಇಪ್ಪತ್ತು ದಿನ ಮೀರಿದ ಕೋರ್ಸುಗಳು ಚಿಕ್ಕವುಗಳಿಗಿಂತ ಮುಂದಿದ್ದವು. ವಾರಾಂತ್ಯದ ಎರಡು ರಾತ್ರಿಯ ಪ್ಯಾಕೇಜು ಮಾರುವವರಿಗೆ ಇದು ಅಷ್ಟೊಂದು ರುಚಿಸುವ ಮಾತಲ್ಲ.

ಅಳತೆಯದ್ದೂ ಒಂದು ತೊಂದರೆ ಇದೆ. ಇಂಥ ಅಧ್ಯಯನಗಳಲ್ಲಿ ಬಹುಪಾಲು ಪ್ರಶ್ನಾವಳಿ ತುಂಬುವವರು ಶಿಬಿರಕ್ಕೆ ಹೋದವರೇ. ಕೊನೆಯ ದಿನ, ಗೆಳೆಯರನ್ನು ತಬ್ಬಿಕೊಂಡು ಅಳುತ್ತಿರುವ ಹೊತ್ತಿನಲ್ಲಿ "ನಿನ್ನಲ್ಲಿ ಧೈರ್ಯ ಹೆಚ್ಚಿದೆಯಾ?" ಅಂತ ಕೇಳಿದರೆ ಯಾರು ಇಲ್ಲ ಅಂತಾರೆ? ಸಂಶೋಧಕರಿಗೂ ಇದು ಗೊತ್ತು, ಶಿಬಿರದ ಅಮಲು ಇಳಿದ ಮೇಲೆ ಅಳೆಯಬೇಕು ಅನ್ನೋದಕ್ಕೇ ಅವರು ಒತ್ತು ಕೊಡುವುದು.

ಇದಕ್ಕಿಂತ ಆಳದ ಆಕ್ಷೇಪ ಎತ್ತಿದವರು ಆಸ್ಟ್ರೇಲಿಯಾದ ಸಂಶೋಧಕ ಆಂಡ್ರ್ಯೂ ಬ್ರೂಕ್ಸ್. ವ್ಯಕ್ತಿತ್ವ ಕಟ್ಟುತ್ತೇವೆ ಎನ್ನುವ ಹಾನ್ ಪರಂಪರೆಯ ಮಾತೇ ಪೊಳ್ಳು ಅಂತ ಅವರು 2003ರಲ್ಲಿ ಬರೆದರು. ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದು ಅವರೊಳಗಿನ ಗುಣಕ್ಕಿಂತ ಸಂದರ್ಭದ ಮೇಲೆ ಹೆಚ್ಚು ನಿಂತಿದೆ ಅಂತ ಸಾಮಾಜಿಕ ಮನೋವಿಜ್ಞಾನ ಮತ್ತೆ ಮತ್ತೆ ತೋರಿಸಿದೆ. ಬೆಟ್ಟದ ಮೇಲೆ ತಾಳ್ಮೆಯಿಂದಿದ್ದ ಹುಡುಗ ಮನೆಯಲ್ಲೂ ತಾಳ್ಮೆಯಿಂದಿರುತ್ತಾನೆ ಅನ್ನೋದಕ್ಕೆ ಏನು ಖಾತರಿ? ಬೆಟ್ಟದಲ್ಲಿ ತಾಳ್ಮೆ ಇಲ್ಲದೆ ವಿಧಿಯಿರಲಿಲ್ಲ, ಅದಕ್ಕೇ ಇತ್ತು.

ಬ್ರೂಕ್ಸ್ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಸಂದರ್ಭವೇ ನಡತೆಯನ್ನು ರೂಪಿಸುತ್ತದೆ ಅನ್ನೋದು ನಿಜವಾದರೆ, ಮನೆಗೆ ಬಂದ ಮೇಲಿನ ಸಂದರ್ಭವನ್ನೂ ನಾವು ಬದಲಿಸಬಹುದಲ್ವಾ? ಕಾಡಿನಲ್ಲಿ ತಂಡಕ್ಕೆ ದಾರಿ ತೋರಿಸಿ ಬಂದ ಹುಡುಗಿಗೆ ಶಾಲೆಯಲ್ಲಿ ಬೆಂಚು ಎಲ್ಲಿ ಹಾಕಬೇಕು ಅಂತ ಹೇಳುವ ಹಕ್ಕೂ ಇಲ್ಲದಿದ್ದರೆ, ಕಲಿತದ್ದು ಉಳಿಯುವುದಾದರೂ ಎಲ್ಲಿ? ಕಲಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಬಗ್ಗೆ ಈ ಕ್ಷೇತ್ರದಲ್ಲಿ ದಶಕಗಳಿಂದ ಚರ್ಚೆ ನಡೆದಿದೆ. ಆದರೂ ಶಿಬಿರದ ಬಜೆಟ್ಟಿನಲ್ಲಿ ಬಸ್ಸಿಗೆ ಜಾಗವಿದೆ, ವಾಪಸ್ ಬಂದ ಮೇಲಿನ ತಿಂಗಳುಗಳಿಗೆ ಇಲ್ಲ. ಅದೇ ತಂಡಕ್ಕೆ ಮುಂದಿನ ವರ್ಷದ ಕಿರಿಯರ ಚಾರಣವನ್ನು ರೂಪಿಸಲು ಕೊಡುವ ಶಾಲೆ, ಇನ್ನೊಂದು ಪ್ರಮಾಣಪತ್ರ ಹಂಚುವ ಶಾಲೆಗಿಂತ ಎಷ್ಟೋ ಮುಂದಿದೆ.

ಅಪಾಯದ ಮಾತನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ದೋಣಿಗಳಲ್ಲಿ ಹೊರಟ ಶಾಲಾ ತಂಡ ಗಾಳಿಗೆ ಸಿಕ್ಕಿ ಸಮುದ್ರದ ಕಡೆ ಕೊಚ್ಚಿಹೋಯಿತು. ನಾಲ್ವರು ಹದಿಹರೆಯದವರು ಸತ್ತರು. ಸುರಕ್ಷತೆ ಸಾಲದು ಅಂತ ಮೊದಲೇ ಕೆಲಸ ಬಿಟ್ಟುಹೋದ ತರಬೇತುದಾರರು ಎಚ್ಚರಿಸಿ ಪತ್ರ ಬರೆದಿದ್ದರು ಅನ್ನೋದು ಆಮೇಲೆ ಹೊರಬಂತು. ಶಿಬಿರ ನಡೆಸುತ್ತಿದ್ದ ಕಂಪನಿಯ ನಿರ್ದೇಶಕ ಜೈಲಿಗೆ ಹೋದ. 1995ರಲ್ಲಿ ಬ್ರಿಟನ್ ಇದಕ್ಕಾಗಿಯೇ ಕಾನೂನು ತಂದು, ಮಕ್ಕಳಿಗೆ ಇಂಥ ಚಟುವಟಿಕೆ ಮಾರುವವರು ಪರವಾನಗಿ ಪಡೆಯಬೇಕು ಅಂತ ಮಾಡಿತು. ಅಗತ್ಯವಾಗಿ ಆಗಬೇಕಿದ್ದ ಕೆಲಸವೇ ಅದು.

ಆದರೆ ಕೇಸಿನ ಭಯ ಇನ್ನೊಂದು ದಾರಿಯನ್ನೂ ಹಿಡಿಸುತ್ತದೆ. ಕೇಬಲ್ಲು, ಬೆಲ್ಟು, ಬಲೆ ಇರುವ ಆಟಗಳೇ ಸುಲಭ. ಹೆದರಿಕೆ ಆಗುತ್ತದೆ, ಅಪಾಯ ಇರುವುದಿಲ್ಲ. ವಿಮೆಯವರಿಗೂ ಖುಷಿ. ದಿನಕ್ಕೆ ನೂರು ಮಕ್ಕಳನ್ನು ದಾಟಿಸಬಹುದು. ಮೊದಲ ಪ್ಯಾರಾದ ಫೋಟೊ ಹುಟ್ಟುವುದು ಹೀಗೇ. ಅಪಾಯವನ್ನು ತೆಗೆಯುವ ಭರದಲ್ಲಿ ನಿರ್ಧಾರವನ್ನೂ ತೆಗೆದುಬಿಡುತ್ತಾರೆ. ಹಗ್ಗದ ಆಟದಲ್ಲೇ ಬೇರೆ ಥರ ಮಾಡಬಹುದು. ಬಂಡೆ ಹತ್ತುತ್ತಿರುವವನ ಹಗ್ಗವನ್ನು ಕೆಳಗೆ ನಿಂತು ಹಿಡಿಯುವ ಕೆಲಸವನ್ನು ಜೊತೆಯ ಹುಡುಗಿಗೆ ಕಲಿಸಿ ಕೊಡಿ, ಹಿಂದೆ ಇನ್ನೊಬ್ಬರು ಅದೇ ಹಗ್ಗಕ್ಕೆ ಕೈಯಿಟ್ಟು ನಿಲ್ಲಲಿ. ಅವಳ ಮುಖ ನೋಡಿದರೆ ಸಾಕು, ಹೊಣೆ ಅಂದರೇನು ಅಂತ ಕಾಣುತ್ತದೆ.

ಒತ್ತಾಯದ ವಿಷಯದಲ್ಲಿ ಮಾತ್ರ ನನಗೆ ಎರಡು ಅಭಿಪ್ರಾಯವಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1971ರಲ್ಲಿ ಶುರುವಾದ ಪ್ರಾಜೆಕ್ಟ್ ಅಡ್ವೆಂಚರ್ ಒಂದು ತತ್ವ ತಂದಿತು. ಸವಾಲನ್ನು ಎಷ್ಟರ ಮಟ್ಟಿಗೆ ತೆಗೆದುಕೊಳ್ಳಬೇಕು ಅನ್ನೋದು ಭಾಗವಹಿಸುವವರ ಆಯ್ಕೆ. ಬೇಡ ಅನ್ನಬಹುದು, ಅರ್ಧಕ್ಕೆ ಇಳಿಯಬಹುದು, ಯಾರೂ ಗೇಲಿ ಮಾಡುವಂತಿಲ್ಲ. "ಹೆದರಬೇಡ, ಹತ್ತು" ಅಂತ ಇಡೀ ಗುಂಪು ಕೂಗುವಾಗ ಹತ್ತಿದ ಮಗು ಧೈರ್ಯ ಕಲಿಯಲಿಲ್ಲ, ಗುಂಪಿಗೆ ಮಣಿಯುವುದನ್ನು ಕಲಿಯಿತು. ಇದರ ವಿಪರೀತ ರೂಪ ಅಮೆರಿಕದ ಕೆಲವು ಖಾಸಗಿ ಕಾಡು ಶಿಬಿರಗಳಲ್ಲಿ ಕಂಡಿದೆ. ಹಟಮಾರಿ ಮಕ್ಕಳನ್ನು ಸರಿಮಾಡುತ್ತೇವೆ ಅಂತ ಒತ್ತಾಯದಿಂದ ಕರೆದೊಯ್ದ ಇಂಥ ಕಡೆಗಳಲ್ಲಿ ನಡೆದ ದೌರ್ಜನ್ಯ ಮತ್ತು ಸಾವುಗಳ ಬಗ್ಗೆ ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ 2007ರಲ್ಲಿ ವರದಿ ಕೊಟ್ಟಿತು. ಅಂಥವನ್ನು ಹೊರಾಂಗಣ ಶಿಕ್ಷಣದ ಲೆಕ್ಕಕ್ಕೆ ಸೇರಿಸುವುದೇ ತಪ್ಪು.

ಯಾರಿಗೆ ಸಿಗುತ್ತದೆ ಅನ್ನೋದೂ ಮುಖ್ಯ. ದೀರ್ಘ ಕೋರ್ಸುಗಳೇ ಹೆಚ್ಚು ಫಲ ಕೊಡುತ್ತವೆ, ಅವೇ ದುಬಾರಿ. ವರ್ಷವಿಡೀ ಬೆಟ್ಟದಲ್ಲಿಡುವ ಶಾಲೆಗೆ ಮಕ್ಕಳನ್ನು ಕಳಿಸುವಷ್ಟು ಅನುಕೂಲ ಇರುವವರ ಮನೆಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಅವಕಾಶಗಳು ಹೇಗೂ ಇರುತ್ತವೆ. ಶಿಬಿರದೊಳಗೂ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯುತ್ತದೆ. ಸರದಿ ಹಾಕದೆ ಬಿಟ್ಟರೆ ನಕ್ಷೆ ಜೋರು ಹುಡುಗರ ಕೈ ಸೇರುತ್ತದೆ, ಪಾತ್ರೆ ತೊಳೆಯುವುದು ಹುಡುಗಿಯರ ಪಾಲಿಗೆ ಬರುತ್ತದೆ. ಮೊದಲೇ ಮುಂದಾಳಾಗಿದ್ದವರು ಇನ್ನಷ್ಟು ಮುಂದಾಳಾಗಿ ವಾಪಸ್ ಬರುತ್ತಾರೆ. ದಿನಕ್ಕೊಬ್ಬರು ಎನ್ನುವ ನಿಯಮ ಇರುವುದು ಇದಕ್ಕಾಗಿಯೇ.

ಹಾಗಾಗಿ ಮಕ್ಕಳನ್ನು ಕಳಿಸುವ ಮೊದಲು ಎಷ್ಟು ಚಟುವಟಿಕೆಗಳಿವೆ ಅಂತ ಕೇಳುವುದು ಅಷ್ಟು ಉಪಯೋಗವಿಲ್ಲ. ಒಂದು ದಿನದಲ್ಲಿ ಮಕ್ಕಳು ತಾವೇ ತೆಗೆದುಕೊಳ್ಳುವ ನಿರ್ಧಾರ ಯಾವುದು ಅಂತ ಕೇಳಿ. ಅವರು ತಪ್ಪಿದರೆ ನೀವೇನು ಮಾಡುತ್ತೀರಿ ಅಂತ ಕೇಳಿ. "ತಪ್ಪೋಕೆ ಬಿಡೋದೇ ಇಲ್ಲ" ಅಂದರೆ ಅದು ಮಜಾ ಮಾಡಿ ಬರುವ ಜಾಗ. ಹಾಗಂತ ತಿಳಿದೇ ಕಳಿಸಬಹುದು. ಯಾವ ತಪ್ಪಿಗೆ ಬಿಡುತ್ತೇವೆ, ಯಾವುದಕ್ಕೆ ತಕ್ಷಣ ಅಡ್ಡ ಬರುತ್ತೇವೆ ಅಂತ ಬಿಡಿಸಿ ಹೇಳುವವರು ಸಿಕ್ಕರೆ ಅವರಿಗೆ ಕೆಲಸ ಗೊತ್ತಿದೆ.

ಎಲ್ಲವೂ ಬಂದು ನಿಲ್ಲುವುದು ಆ ಇಪ್ಪತ್ತು ಹೆಜ್ಜೆ ಹಿಂದಿರುವವರ ಮೇಲೆ. ಕವಲಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಸುಲಭವಲ್ಲ. ದಾರಿ, ಹವಾಮಾನ, ಪ್ರತಿ ಮಗುವಿನ ಕಾಲು ಮತ್ತು ಮನಸ್ಸು, ಇವೆಲ್ಲ ಗೊತ್ತಿದ್ದರೆ ಮಾತ್ರ ಸುಮ್ಮನಿರೋಕೆ ಆಗುತ್ತದೆ. ಗೊತ್ತಿಲ್ಲದವರು ಭಯದಿಂದ ಪ್ರತಿ ಹೆಜ್ಜೆಗೂ ಮೂಗು ತೂರಿಸುತ್ತಾರೆ, ಇಲ್ಲವೇ ಅಜ್ಞಾನದಿಂದ ಎಲ್ಲದಕ್ಕೂ ಬಿಟ್ಟುಬಿಡುತ್ತಾರೆ. ಎರಡನೆಯದು ಪ್ರಾಣಕ್ಕೆ ಕುತ್ತು. ಈ ತಿಳಿವಳಿಕೆ ಬರಲು ವರ್ಷಗಳು ಬೇಕು. ಆದರೆ ಬಹಳಷ್ಟು ಕಡೆ ಇದು ಸೀಸನ್ ಕೆಲಸ. ಇಪ್ಪತ್ತರ ಆಸುಪಾಸಿನವರು ಬರುತ್ತಾರೆ, ಕೆಲವು ಸೀಸನ್ ದುಡಿಯುತ್ತಾರೆ, ಬಾಡಿಗೆ ಕಟ್ಟಲು ಸಾಲದೆ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಸ್ಕಾಟ್ಲೆಂಡಿನಲ್ಲಿ 2024ರಲ್ಲಿ ಮಂಡನೆಯಾದ ಮಸೂದೆ ಪ್ರತಿ ಮಗುವಿಗೂ ನಾಲ್ಕು ರಾತ್ರಿ ಐದು ದಿನ ಕೊಡಬೇಕು ಅಂದಿತ್ತು. ರಾತ್ರಿಗಳ ಲೆಕ್ಕದ ಜೊತೆಗೆ ಇವರ ಸಂಬಳದ ಲೆಕ್ಕವನ್ನೂ ಅದೇ ಮೇಜಿನ ಮೇಲೆ ಇಡಬೇಕಾಗುತ್ತದೆ.